ಗಾಜಿನ ಮೇಲೆ ಐದು ಹನಿ

ಕಿಟಕಿಯ ಗಾಜೊಂದನ್ನು ಕಳಚಿ
ಇಟ್ಟಿಗೆಗೆ ಒರಗಿಸಿಟ್ಟರು ಬೈಚಪ್ಪನವರು,
ಇಳಿಜಾರಾಗಿ, ಜಾರುಬಂಡೆಯ ಹಾಗೆ.
ಮೇಲಂಚಿನಲ್ಲಿ ಸಾಲಾಗಿ ಐದು ಹನಿ.
"ರಾತ್ರಿ ಇಲ್ಲೇ ಇರ್ಲಿ ಚೌಡಮ್ಮ.
ಯಾವುದರ ಗುಣ ಏನು ಅಂತ
ಬೆಳಿಗ್ಗೆ ಅವೇ ಹೇಳ್ತವೆ."

ಕೋಲಾರ. ಮೀಸಲು ಪಡೆಯ ಶಸ್ತ್ರಾಗಾರ.
ಹಿಂದೆ ಅಂತರಗಂಗೆ ಬೆಟ್ಟದ ಬೋಳು ಬಂಡೆ,
ಮುಂದೆ ಕವಾಯತು ಮೈದಾನದ ಕೆಂಧೂಳು,
ಒಳಗೆ ಸರಪಳಿ ಹಾಕಿಸಿಕೊಂಡು ನಿಂತ
ಎಪ್ಪತ್ತೆರಡು ಎಸ್ಸೆಲ್ಲಾರ್.
ತಾನೇ ಗುಂಡು ತುಂಬಿಕೊಳ್ಳುವ ಕೋವಿ,
ತಾನೇ ಎಣ್ಣೆ ಹಚ್ಚಿಕೊಳ್ಳಲಾರದು.
ಅದಕ್ಕೆ ನಾನು.

ಬೆಳಿಗ್ಗೆ ಆರು, ಧನುರ್ಮಾಸದ ಚಳಿ,
ಟಾರ್ಚು ಬಿಟ್ಟು ನೋಡಿದೆವು.
ಹೊಲಿಗೆ ಯಂತ್ರದ ಎಣ್ಣೆ ಗಾಜು ದಾಟಿ, ಇಟ್ಟಿಗೆ ದಾಟಿ
ನೆಲ ಸೇರಿತ್ತು. ಹೋದ ದಾರಿಯ ಗುರುತೂ ಇಲ್ಲ.
ಹರಳೆಣ್ಣೆ ಗೇಣುದ್ದ ಇಳಿದು, ಅಂಟಾಗಿ ನಿಂತು,
ಒಂದು ಇರುವೆಯನ್ನು ಹಿಡಿದಿತ್ತು, ಆರೂ ಕಾಲು ಸಮೇತ.
"ನಮ್ಮಪ್ಪ ಗಾಡಿಗೆ ಇದನ್ನೇ ಕೀಲೆಣ್ಣೆ ಮಾಡ್ತಿದ್ದ.
ಎತ್ತಿಗೇನು ಅವಸರ? ಇದಕ್ಕೆ ಅವಸರ ಇರ್ತದೆ."
ಗ್ರೀಸು ಇಟ್ಟಲ್ಲೇ ಇತ್ತು
ಧೂಳಿನ ಕಂಬಳಿ ಹೊದ್ದು, ಪೆನ್ಶನ್ನಿಗೆ ಕಾದವರಂತೆ.
ಸರ್ಕಾರಿ ಡಬ್ಬಿಯ ತಳದ ತೆಳು ತೈಲ ಮಾತ್ರ
ಹಿಂದೆ ಒಂದು ಪೊರೆ ಬಿಟ್ಟು
ಇನ್ನೂ ಇಳಿಯುತ್ತಲೇ ಇತ್ತು.

ಐದನೆಯದು ಕೊಬ್ಬರಿ ಎಣ್ಣೆ.
ನಾನೇ ಹಾಕಿಸಿದ್ದು. ಬೆಳ್ಳಗೆ ಹೆಪ್ಪುಗಟ್ಟಿ
ಉಗುರಿಗೆ ಸಿಗುವಷ್ಟು ಗಟ್ಟಿ.
ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಹೋದ ವರ್ಷ ಇಂಥದೇ ಚಳಿ,
ಆರೆಸ್ಸೈ ಗಂಗುಲಪ್ಪನವರ ಮಣ್ಣು, ಬೇತಮಂಗಲದಲ್ಲಿ.
ಡಬ್ಬಿ ಬರಿದಾಗಿತ್ತು. ಬೆಳಗಾದರೆ ಏಳು ಕೋವಿ ಬೇಕು.
ನನ್ನ ಜಡೆಗೆಂದು ಇಟ್ಟ ಸೀಸೆಯಿಂದ
ಹದಿನಾಲ್ಕನೇ ನಂಬರಿಗೆ ಎರಡೇ ಹನಿ.
ಖಾಲಿ ತೋಟಾ ತಾನಾಗಿ ತುಂಬಿಕೊಳ್ಳುವುದಿಲ್ಲ,
ಪ್ರತಿ ಸುತ್ತಿಗೂ ಕೈಯಲ್ಲಿ ಎಳೆದು ಬಿಡಬೇಕು.
ಒಂದು ಆಯಿತು. ಎರಡು ಆಯಿತು.
ಮೂರನೆಯದಕ್ಕೆ ಬೋಲ್ಟು ಅರ್ಧಕ್ಕೇ ನಿಂತು
ಹುಡುಗ ಎಳೆದ, ಎಳೆದ, ಹಾಗೇ ಹೆಗಲಿಗೇರಿಸಿದ.
ಆರು ಕೋವಿಗೂ ಏಳು ಕೋವಿಗೂ
ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ ಅನ್ನುತ್ತಾರೆ.
ಕೆರೆಕೋಡಿಯ ಕೊಕ್ಕರೆಗಳು ಎದ್ದವು,
ಅವರ ಹೆಂಡತಿ ತಲೆ ಎತ್ತಿ ನೋಡಿದರು.
ಕೊಕ್ಕರೆಗಳನ್ನೋ, ನಮ್ಮನ್ನೋ.

"ಬೋಲ್ಟು ಓಡಾಡೋ ಗಾಡಿಗೆ ತೆಳ್ಳಗೆ, ಬೆರಳಲ್ಲಿ.
ಗ್ಯಾಸಿನ ಪಿಸ್ಟನ್ನಿಗೆ ಒಂದು ಹನಿಯೂ ಬೇಡ, ಅಲ್ಲಿ ಎಣ್ಣೆ ಬೆಂದು ಕಿಟ್ಟ ಆಗ್ತದೆ.
ನಳಿಗೆ ಒಣಗಿಸಿ ಆಮೇಲೆ ಮೈದಾನಕ್ಕೆ ಕಳಿಸು.
ಆಯುಧಪೂಜೆ ಮಾರನೇ ದಿನ ಎಲ್ಲಾ ಬಿಚ್ಚು,
ಭಕ್ತಿ ಜಾಸ್ತಿಯಾಗಿ ಕುಂಕುಮ ತೂತಿನೊಳಗೆ ಹೋಗಿರ್ತದೆ.
ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋರು ಪಾರಾದವರು,
ಅವರು ಎಷ್ಟಾದ್ರೂ ಬಿಟ್ಕೊಳ್ಳಲಿ.
ಕೋವಿಗೆ ಅಷ್ಟು ಬೇಡ.
ಈ ಊರಿನ ಧೂಳಿಗೆ ಎಣ್ಣೆ ಅಂದ್ರೆ ನೆಂಟರ ಮನೆ."

ಬೈಚಪ್ಪನವರು ಗಾಜು ಒರೆಸಿದರು, ಇರುವೆಯ ಸಮೇತ,
ಕಿಟಕಿಗೆ ಮತ್ತೆ ಕೂರಿಸಿ ಮೊಳೆ ಬಗ್ಗಿಸಿದರು.
ಬಿಸಿಲು ಬಂತು, ಕಲೆಗಳ ಮೂಲಕ.
ನಾನು ಇಂಡೆಂಟು ಬರೆಯಲು ಕೂತೆ:
ತೈಲ, ತೆಳು, ಹತ್ತು ಲೀಟರು.
ಕಾರಣ ಎಂಬ ಕಾಲಮ್ಮಿನಲ್ಲಿ
ಬಹಳ ಹೊತ್ತು ಪೆನ್ನು ನಿಂತಿತು.
'ಧೂಳು' ಅಂತ ಬರೆದು ಸಹಿ ಮಾಡಿದೆ.

ಹೆಬ್ಬೆರಳಿನ ಎಣ್ಣೆ ಕಾಗದಕ್ಕೆ ಇಳಿದು
ಅಷ್ಟಗಲ ಪಾರದರ್ಶಕವಾಯಿತು.
ಅಡಿಯಲ್ಲಿ ಬಿಚ್ಚಿಟ್ಟಿದ್ದ ಹಳೆಯ ರಿಜಿಸ್ಟರಿನ
ನನ್ನದೇ ಅಕ್ಷರ ಮೇಲೆದ್ದು ಬಂತು:
ಖಾಲಿ ತೋಟಾ, ಕೊಟ್ಟದ್ದು ಇಪ್ಪತ್ತೊಂದು.
ಸಿಡಿಯದೆ ವಾಪಸು ಬಂದದ್ದು, ಒಂದು.