ರಾವ್ ಬಹದ್ದೂರರ ಮುಖ ತೊಳೆಯುವುದು

ಮೊದಲೇ ಹೇಳಿಬಿಡುತ್ತೇನೆ: ಇದಕ್ಕೆ ಎಂಜಲಿನಷ್ಟು ಒಳ್ಳೆಯ ಮದ್ದಿಲ್ಲ.
ಕಡ್ಡಿಗೆ ಹತ್ತಿ ಸುತ್ತಿ, ನಾಲಗೆಯ ತುದಿಗೆ ತಾಗಿಸಿ,
ಉರುಳಿಸಬೇಕು, ಉಜ್ಜಬಾರದು.
ಮೈಸೂರಿನಲ್ಲಿ ಗುರುಗಳು ಕಲಿಸಿದ್ದು ಇದನ್ನೇ.
ಬಾಟಲಿಗಳೂ ಇದ್ದವು, ಅವು ಆಮೇಲೆ.

ವಿರಾಜಪೇಟೆಯ ಕ್ಲಬ್ಬಿನಲ್ಲಿ, ಬಿಲಿಯರ್ಡ್ಸ್ ಮೇಜಿನ ಮೇಲೆ
ಅಂಗಾತ ಮಲಗಿದ್ದಾರೆ
ಪೂಳಿಮಂಡ ಪೆಮ್ಮಯ್ಯನವರು,
ಆಳೆತ್ತರ, ಚೌಕಟ್ಟು ಕಳಚಿ.
ಮೈಮೇಲೆ ತೊಂಬತ್ತು ವರ್ಷದ ಚುಟ್ಟಾ ಹೊಗೆ,
ಅಗ್ಗಿಷ್ಟಿಕೆಯ ಮಸಿ,
ಬೆನ್ನಿಗೆ ಒಂದು ಹಲ್ಲಿಯ ಸಂಸಾರ.

ಕರಿಯ ಕುಪ್ಯ, ಕೆಂಪು ಚೇಲೆ, ಬೆಳ್ಳಿಯ ಪೀಚೆಕತ್ತಿ:
ಅಲ್ಲಿಯವರೆಗೆ ಕೊಡಗು.
ಹಿಂದೆ ರೋಮಿನ ಕಂಬ,
ಯಾವ ಹಬ್ಬಕ್ಕೂ ಇಲ್ಲಿ ಯಾರೂ ಕಟ್ಟದ ಮಖಮಲ್ಲಿನ ಪರದೆ,
ದೂರದಲ್ಲಿ ಬ್ರಹ್ಮಗಿರಿ ಇರಬೇಕಾದಲ್ಲಿ
ಪೆನ್ಸಿಲ್ ನೆಟ್ಟಂತೆ ಮೊನಚು ಮರಗಳ ಸಾಲು.
ಚೇಲೆಯ ನೆರಿಗೆಯೂ ಕಲ್ಲಲ್ಲಿ ಕಡೆದ ಹಾಗೆ;
ಮದರಾಸಿನಿಂದ ಬಂದ ಚಿತ್ರಗಾರ ನಾಯ್ಡು
ಗಾಳಿಗೆ ರಜೆ ಕೊಟ್ಟಿದ್ದ.

ಹಣೆಯಿಂದ ಶುರು. ಒಂದು ಕಡ್ಡಿಗೆ ಒಂದಂಗುಲ.
ಕಂದು ಹೋಗಿ ಗೋಧಿ ಬಣ್ಣ ಬಂತು.
ಎಡಗೆನ್ನೆಯಲ್ಲಿ ಸಿಡುಬಿನ ಮೂರು ಕಲೆ.
ನಾಯ್ಡು ಬಿಡಲಿಲ್ಲವೋ, ಇವರೇ ಇರಲಿ ಅಂದರೋ.
ಅಲ್ಲಿ ಸ್ವಲ್ಪ ಇಷ್ಟವಾದರು.

ನನ್ನ ಮುತ್ತಜ್ಜಿ, ಮೇದರ ಚೋಮಿ,
ಇವರ ಅಂಗಳದ ಗಡಿಕಲ್ಲಿನಾಚೆ ಕುಕ್ಕೆ ಇಳಿಸಿ
ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳಂತೆ,
ಭತ್ತ ಅಳೆದು ಸುರಿದು ಅವರು ಒಳಗೆ ಹೋಗುವವರೆಗೆ.
ನಾನು ಅವರ ತುಟಿಯ ಮೇಲೆ ಕಡ್ಡಿ ಉರುಳಿಸಿದೆ.
ಏನೂ ಆಗಲಿಲ್ಲ.
ಮೀಸೆ ಇನ್ನಷ್ಟು ಕಪ್ಪಾಯಿತು.

ನಾಲ್ಕನೆಯ ದಿನ ಅಮೃತಶಿಲೆಯ ಪೀಠ.
ಅದರ ಮೇಲೆ ಕಾನೂನಿನ ಎರಡು ಸಂಪುಟ,
ಸಂಪುಟಗಳ ಮೇಲೆ ಊರಿದ ಬಲಗೈ.
ದೀಪ ಪಕ್ಕಕ್ಕಿಟ್ಟು ಓರೆಯಾಗಿ ನೋಡಿದೆ:
ಕಲ್ಲಿನೊಳಗೆ ಹೆಣಿಗೆ.
ಎರಡು ಮೇಲೆ, ಒಂದು ಕೆಳಗೆ, ಎರಡು ಮೇಲೆ;
ಬೋರಲು ಹಾಕಿದ ಕಾಫಿ ಕುಕ್ಕೆ.
ಆಸರೆ ಬೇರೆ ಸಿಗದೆ ಅದನ್ನೇ ಇಟ್ಟು,
ಕಂಡದ್ದನ್ನು ಕಂಡಂತೆ ಬರೆದು,
ಆಮೇಲೆ ಯಾರು ಏನೆಂದರೋ,
ಬಿಳಿ ಬಳಿದು ನೀಲಿ ನರ ಎಳೆದಿದ್ದ.

ಅಂಚಿನ ದಬ್ಬೆ ಹೊರಳಿದ ಬಗೆ
ಎಡಚರ ಕೈಗೆ ಮಾತ್ರ ಬರುವುದು.
ಚೋಮಿ ಎಡಚಿ ಎಂದು ಕೇಳಿದ್ದೇನೆ.
ನಾನೂ.

ಕೆರೆಯಬಹುದಿತ್ತು. ಚಾಕು ಕೈಯಲ್ಲೇ ಇತ್ತು.
ದುಡ್ಡು ಕೊಟ್ಟದ್ದು ತೊಳೆಯಲು ಮಾತ್ರ, ಅದೊಂದು.
ಇನ್ನೊಂದು, ಕಲ್ಲೆಂದು ನಂಬಿ ಇಷ್ಟು ವರ್ಷ
ಅವರು ಭಾರ ಹಾಕಿದ್ದು ಅದರ ಮೇಲೆ.
ಮುರಿದಿಲ್ಲವಲ್ಲ.

ಸೆಕ್ರೆಟರಿ ಬಂದರು, ಕನ್ನಡಕ ಏರಿಸಿ ಬಾಗಿದರು:
“ಏನು ಕಳೆ! ಯಾವ ಲೋಷನ್ನಮ್ಮ ಇದು?”
ಮನೆಯದೇ ಸಾರ್, ಅಂದೆ.

ಎಲ್ಲಿ ತೂಗುಹಾಕಲಿ ಎಂದು ಆಳುಗಳು ಕೇಳಿದಾಗ
ಪಡುವಣ ಕಿಟಕಿಯ ಪಕ್ಕದ ಗೋಡೆ ತೋರಿಸಿದವಳು ನಾನು.
ಐದು ಗಂಟೆಯ ಬಿಸಿಲು
ಅಲ್ಲಿ ಓರೆಯಾಗಿ ಬೀಳುತ್ತದೆ.