ನಾಯಿಯ ಕಿವಿ

ನರಕಾಸುರನ ರಾತ್ರಿ ವಾಸ್ಕೋದಲ್ಲಿ ಯಾರೂ ಮಲಗುವುದಿಲ್ಲ.
ಬಾಯ್ನಾದ ನಮ್ಮ ಗಲ್ಲಿಗೆ ಆಳೆತ್ತರದ ಸ್ಪೀಕರು ತಂದಿದ್ದರು,
ಗೋಡೆಯ ಕ್ಯಾಲೆಂಡರ್ ತಾನಾಗಿ ಅಲುಗುತ್ತಿತ್ತು.
ನನ್ನ ಸಂಗು ಮಾತ್ರ ಬೆರಳು ಚೀಪುತ್ತ
ನಿದ್ದೆಯಲ್ಲೇ ನಕ್ಕ.

"ಎಂಥಾ ಸಮಾಧಾನದ ಕೂಸವಾ ನಿಂದು" ಅಂದರು ಎಲ್ಲ.
ಬೀಗಿದೆ. ಬರೀ ಬೀಗಲಿಲ್ಲ,
ದೃಷ್ಟಿ ತಾಗೀತೆಂದು ಉಪ್ಪು ಮೆಣಸಿನಕಾಯಿ ಇಳಿಸಿ
ಗ್ಯಾಸಿನ ಉರಿಗೆ ಹಿಡಿದು ಕೆಮ್ಮಿದೆ.
ತಾಯಿಯ ಕರುಳು ಅನ್ನುತ್ತಾರಲ್ಲ,
ಅದು ಅವತ್ತು ಗಡದ್ದಾಗಿ ಗೊರಕೆ ಹೊಡೆಯುತ್ತಿತ್ತು.

ಎರಡು ತುಂಬಿತು. ಮಾತಿಲ್ಲ.
ರೋಣದಿಂದ ಅತ್ತೆಯ ಫೋನು:
"ಬಜಿ ತೇದು ನಾಲಿಗಿಗೆ ಹಚ್ಚು.
ಅವರಪ್ಪ ಬಾಯಿ ಬಿಟ್ಟಿದ್ದು ನಾಲ್ಕಕ್ಕ."
ಪಕ್ಕದ ಕಾರ್ಮೆಲಿನ್ ಬಾಯಿ ಬೆರಳು ಮಡಿಚಿ ಎಣಿಸಿದಳು:
ನಿನ್ನ ಕನ್ನಡ, ನನ್ನ ಕೊಂಕಣಿ,
ಅಂಗನವಾಡಿಯ ಮರಾಠಿ, ಟೀವಿಯ ಹಿಂದಿ,
ಯಾವ ಬಾಗಿಲಿಂದ ಹೊರಗೆ ಬರಬೇಕು ಆ ಮಗು?
ಬಂದರಿನಲ್ಲಿ ಕಲ್ಲಿದ್ದಲ ಲಾರಿ ತೂಗುವ ಗಂಡ ಫಕೀರಪ್ಪ
ಕರಿ ಉಗುಳು ಉಗಿದು ಬಂದು ಹೇಳಿದ:
"ಕಿವಿಗೆ ಏನಾಗೇತಿ? ಪೋದೇರ ಹಾರನ್ ಹೊಡದ್ರ
ಮೊದಲ ಓಡಾಂವ ಇವನ."
ಅದೂ ನಿಜ. ರೊಟ್ಟಿಯವನ ಸೈಕಲ್ಲು ಪೋಂ ಪೋಂ ಅಂದದ್ದೇ
ಸಂಗು ಬಾಗಿಲಲ್ಲಿ.

ಮೂವರಿಗೂ ಹೂಂ ಅಂದೆ.
ಬಜೆ ತೇದೆ, ಹಚ್ಚಲಿಲ್ಲ.
ಯಾಕೆಂದು ಕೇಳಿದ್ದರೆ ನನ್ನ ಹತ್ತಿರ ಉತ್ತರವಿರಲಿಲ್ಲ.
ಸಾಣೆಕಲ್ಲ ಮೇಲೆ ಅದು ಒಣಗಿ ಬಿರಿಯಿತು.

ಆಮೇಲೆ ಎಂಟು ಬೆಳಗು ಹೊಸ್ತಿಲಲ್ಲಿ ಕೂತು ನೋಡಿದೆ.
ಮೊದಲು ಕಾರ್ಮೆಲಿನ್ ಬಾಯಿಯ ಪಿಂಟು ಕಿವಿ ನಿಮಿರಿಸುತ್ತದೆ.
ಸಂಗು ನಾಯಿಯ ಕಿವಿ ನೋಡುತ್ತಾನೆ.
ಆಮೇಲೆ ಓಡುತ್ತಾನೆ.

ಒಂಬತ್ತನೇ ದಿನ ನಾಯಿಯನ್ನು ಒಳಗೆ ಕಟ್ಟಿಸಿದೆ.
ಪೋದೇರ ಬಂದ, ಹಾರನ್ ಹೊಡೆದ, ಕಾದ, ಹೋದ.
ನನ್ನ ಮಗ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ.

ತವರಿನ ಹೆಸರು ಕೊರೆಸಿದ ಸ್ಟೀಲಿನ ತಟ್ಟೆ,
ನೆಲಕ್ಕೆ ಬಿಟ್ಟರೆ ನಡುಕ ತಿಳಿದೀತೆಂದು
ಗಾಳಿಯಲ್ಲೇ ಹಿಡಿದು, ಅವನ ಬೆನ್ನ ಹಿಂದೆ ನಿಂತು
ಸೌಟಿನಿಂದ ಬಾರಿಸಿದೆ.
ಕಾಗೆ ಹಾರಿತು. ಮೇಲಿನ ಮನೆಯವರು ಕಿಟಕಿ ತೆರೆದು ಬೈದರು.
ಮುಚ್ಚಳ ತಿರುಗುತ್ತಲೇ ಇತ್ತು.

ಒಂದು ಕ್ಷಣ ಖುಷಿಯಾಯಿತು ಅಂದರೆ ನಂಬುತ್ತೀರಾ?
ಅಷ್ಟು ಜನರ ನಡುವೆ ಹಿಡಿದದ್ದು ನಾನು ಅಂತ.
ಆಮೇಲೆ ಕಾಲು ಸೋತು
ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತೆ.

ಬಾಂಬೋಳಿಯ ಆಸ್ಪತ್ರೆಯಲ್ಲಿ ನಿದ್ದೆ ಮಾಡಿಸಿ ತಲೆಗೆ ವೈರು ಅಂಟಿಸಿದರು.
"ನಿಮಗೆ ಹೇಗೆ ಗೊತ್ತಾಯಿತು?" ಅಂದಳು ಚಿಕ್ಕ ಪ್ರಾಯದ ಡಾಕ್ಟರು.
"ನಾಯಿ ಹೇಳಿತು" ಅಂದೆ.
ಅವಳು ನಗಲಿಲ್ಲ. ಇನ್ನೂ ಮುಂಚೆ ಬರಬೇಕಿತ್ತು ಅಂತಲೂ
ಅವಳ ಬಾಯಿ ಅನ್ನಲಿಲ್ಲ.

ಅವರೆಕಾಳಿನಷ್ಟು ಮಶೀನು, ಎರಡು.
ಎಚ್ಚರವಿರುವಷ್ಟು ಹೊತ್ತೂ ಕಿವಿಯಲ್ಲಿರಬೇಕು,
ತೆಗೆಯಕೂಡದು.

ಮೊದಲ ಬೆಳಗು ಕುಕ್ಕರಿನ ಸೀಟಿಗೆ ಚೀರಿದ.
ನಲ್ಲಿಗೆ ಚೀರಿದ. ನಾನು "ಸಂಗೂ" ಅಂದೆ,
ನನಗೂ ಹೆದರಿ ಗೋಡೆಗೆ ಒತ್ತಿದ.
ಎರಡು ವರ್ಷ ಅವನಿಗೆ ನಾನು
ತುಟಿಯಾಡಿಸುವ ಒಂದು ಮುಖ.

ತೆಗೆದೆ. ಹತ್ತೇ ನಿಮಿಷ.
ಅವನ ಅಂಗೈ ನನ್ನ ಗಂಟಲಿಗೆ ಹಚ್ಚಿಕೊಂಡು
ಅವನ ಹೆಸರನ್ನೇ ಹೇಳಿದೆ, ಹೇಳಿದೆ,
ಬೆರಳು ಸಡಿಲಾದವು. ಆಮೇಲೆ ಮತ್ತೆ ಹಾಕಿದೆ.
ತಪ್ಪಾಗಿದ್ದರೆ ಸೋಮವಾರ ಬೈಸಿಕೊಳ್ಳುತ್ತೇನೆ.
ಈ ಕರುಳನ್ನು ನಾನೂ ಪೂರ್ತಿ ನಂಬುವುದಿಲ್ಲ,
ನರಕಾಸುರನ ರಾತ್ರಿ ಮರೆತಿಲ್ಲ.

ಹೊರಗೆ ಪಿಂಟು ಕಿವಿ ನಿಮಿರಿಸಿತು.
ಸಂಗು ನಾಯಿಯತ್ತ ನೋಡಲಿಲ್ಲ.
ತನ್ನದೇ ಕಿವಿ ಮುಟ್ಟಿಕೊಂಡು ನನ್ನ ನೋಡಿದ.

ಪೊಯ್ ತರಲು ಚಿಲ್ಲರೆ ಹುಡುಕಿದೆ.