ಸೊಹಾರ್‌ನಲ್ಲಿ ಚಂದ್ರ ಕಂಡಾಗ

ಗುರುವಾರ ಮೂರೂವರೆಗೆ ವಿಲ್ಮಾ ಕ್ವಾಡ್ರಸ್‌ಳನ್ನು ಒಳಗೆ ಕರೆದರು.
ನಾಲ್ಕಕ್ಕೆ ಅವಳ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ.
ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಆಫೀಸಿನ ಚಪ್ಪಲಿ,
ಅರ್ಧ ಬಾಟಲಿ ಬಿಂಬುಳಿ ಉಪ್ಪಿನಕಾಯಿ,
ಕೀಬೋರ್ಡಿನ ಧೂಳು ಕೊಡವುವ ಬ್ರಶ್ಶು.
ಸೆಕ್ಯುರಿಟಿ ಹುಡುಗ ಹಿಂದೆಯೇ ನಡೆದ,
ತಾನೇ ಏನೋ ಕದ್ದವನ ಹಾಗೆ ತಲೆ ತಗ್ಗಿಸಿ.

"ಅವಳ ಕೆಲಸ ಯಾರಿಗೆ ಒಪ್ಪಿಸಿದಳು?" ಎಂದೆ.
"ಎಲ್ಲ ಸರ್ವರಿನಲ್ಲಿದೆಯಲ್ಲ" ಎಂದರು ಸಾಹೇಬರು,
ಅಕ್ಕಿ ಡಬ್ಬಿಯಲ್ಲಿದೆ, ಅಡುಗೆಯವಳು ಯಾಕೆ
ಎನ್ನುವ ಧಾಟಿಯಲ್ಲಿ.

ಬಂದರಿನ ಪಾಳಿ ಹಂಚುವ ಪ್ರೋಗ್ರಾಮು ಅವಳದು.
ಯಾವ ಕ್ರೇನಿಗೆ ಯಾರು, ಯಾವ ಗೇಟು ಎಷ್ಟಕ್ಕೆ,
ಏಳು ವರ್ಷ.
ನಾನು ಟೆಸ್ಟರ್. ತಪ್ಪು ಹುಡುಕುವುದೇ ನನ್ನ ಅನ್ನ.
ಅವಳನ್ನು ನಂಬಿದ್ದರೆ ಉಪವಾಸ ಬೀಳುತ್ತಿದ್ದೆ.

ಶನಿವಾರ ಸಂಜೆ ಉಕ್ಕಿನ ಕಾರ್ಖಾನೆಯ ಹೊಗೆಯ ಮೇಲೆ
ಸೌತೆಸಿಪ್ಪೆಯಷ್ಟು ಚಂದ್ರ.
ಊರಿಗೆಲ್ಲ ಕಂಡ. ಪ್ರೋಗ್ರಾಮಿಗೆ ಕಾಣಲಿಲ್ಲ.

ರಂಜಾನ್ ಯಾವತ್ತು ಶುರು ಎಂದು ಅದಕ್ಕೆ ಲೆಕ್ಕ ಸಿಗದು,
ಯಾರಾದರೂ ಆಕಾಶ ನೋಡಿ ಬಂದು ಹೇಳಬೇಕು.
ವರ್ಷವರ್ಷವೂ ಆ ರಾತ್ರಿ ಅವಳು
ಎಲ್ಲೋ ಒಂದಂಕಿ ತಿದ್ದಿ ಮಲಗುತ್ತಿದ್ದಳಂತೆ,
ತನ್ನ ಉಪವಾಸದ ಕ್ಯಾಲೆಂಡರು ಬೇರೆಯಾದರೂ.
ನಮಗೆ ಇದು ತಿಳಿದದ್ದು ಭಾನುವಾರ,

ಸರಿಯಾಗಿ ಸೂರ್ಯ ಮುಳುಗುವ ಹೊತ್ತಿಗೆ
ಒಂಬತ್ತು ಕ್ರೇನಿಗೆ ಒಂಬತ್ತು ಉಪವಾಸಿಗರನ್ನು
ಅದು ಹತ್ತಲು ಹೇಳಿದಾಗ.
ಯಾರು ಹತ್ತುತ್ತಾರೆ?
ಖರ್ಜೂರ ಹಿಡಿದು ನೆರಳಿಲ್ಲದ ಕಡೆ ಕೂತರು.
ಲಾರಿಗಳ ಸಾಲು ಗೇಟು ಬಿಟ್ಟು ಹೆದ್ದಾರಿಗೆ ಹೋಯಿತು.
ಈರುಳ್ಳಿ ಕಂಟೇನರಿನೊಳಗೆ ಬೆವರಿತು.

"ಹಿಂದಿನ ವರ್ಶನ್ನಿಗೆ ಹೋಗಿ!" ಸಾಹೇಬರ ಕೂಗು.
ಕೋಡಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ.
ಹಿಂದಕ್ಕೆ ಹೋಗಬೇಕಿದ್ದದ್ದು
ಗುರುವಾರ ಮೂರೂವರೆಗೆ.

ರಾತ್ರಿ ಎರಡಕ್ಕೆ, ಸಾವಿರದಿನ್ನೂರನೇ ಸಾಲಿನ ಬದಿಯಲ್ಲಿ
ಇಂಗ್ಲಿಷ್ ಅಕ್ಷರದ ಕನ್ನಡ ಸಿಕ್ಕಿತು.
ಓದಲು ಬಂದದ್ದು ನನಗೊಬ್ಬನಿಗೇ:
"ಖಲ್ಫಾನನ ಅಮ್ಮನನ್ನು ಕೇಳು. ಅವರಿಗೆ ಎಲ್ಲರಿಗಿಂತ ಮೊದಲು ಕಾಣುತ್ತೆ."

ಖಲ್ಫಾನ್, ನಾಲ್ಕನೇ ಕ್ರೇನು.
ನಿದ್ದೆಗಣ್ಣಲ್ಲಿ ಫೋನೆತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದ.
"ಅಮ್ಮ ಚಳಿಗಾಲದಲ್ಲೇ ಹೋದಳು.
ವಿಲ್ಮಾ ಬಂದು ಮೂರು ದಿನವೂ ಕೂತಿದ್ದಳಲ್ಲ,
ನಿಮಗ್ಯಾರಿಗೂ ಗೊತ್ತಿಲ್ಲವಾ?"

ಕೊನೆಗೆ ಸಾಹೇಬರು ಅವಳ ನಂಬರು ಕೇಳಿದರು.
ಕೊಟ್ಟೆ.
ಗಂಟಲು ಸರಿಮಾಡಿಕೊಂಡು ಒತ್ತಿದರು.
ಕಂಪನಿ ಕೊಟ್ಟ ಸಿಮ್ಮು, ಕಂಪನಿ ಕೊಟ್ಟ ಫೋನು,
ಮೂರು ದಿನದ ಮೇಲೂ ಚೂರು ಚಾರ್ಜು ಉಳಿದಿತ್ತು.
ಅವರದೇ ಮೇಜಿನ ಡ್ರಾಯರಿನಲ್ಲಿ
ಅದು ರಿಂಗಾಗತೊಡಗಿತು.